ಮನಸ್ಸಿನ ಚಿಕಿತ್ಸೆಗೆ ಎಲ್ಲಿಗೆ ಹೋಗೋದು? ಅರ್ಧಕ್ಕೆ ಬಿಡದಂಥ ದಾರಿ ಆರಿಸಿಕೊಳ್ಳಲು ಒಂದು ಹೋಲಿಕೆ

ಮನೆಯಲ್ಲಿ ಒಬ್ಬರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಊಟ ಸೇರುತ್ತಿಲ್ಲ, ಸ್ನಾನಕ್ಕೂ ಬಲವಂತ ಮಾಡಬೇಕು. ಅಥವಾ ಪಕ್ಕದ ಮನೆಯವರು ನನ್ನ ಮೇಲೆ ಏನೋ ಮಾಡಿಸುತ್ತಿದ್ದಾರೆ ಅಂತ ಹಗಲೂ ರಾತ್ರಿ ಅದೇ ಮಾತು. ಇಂಥ ಹೊತ್ತಲ್ಲಿ ಬಂಧುಗಳಿಗೆಲ್ಲ ಫೋನ್ ಮಾಡಿ ನಾವು ಕೇಳುವ ಪ್ರಶ್ನೆ ಒಂದೇ: "ಒಳ್ಳೆ ಡಾಕ್ಟರ್ ಯಾರಿದ್ದಾರೆ?" ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಜೊತೆಗೆ ಇನ್ನೊಂದನ್ನು ಕೇಳಿಕೊಳ್ಳಿ, ಅದೇ ಜಾಸ್ತಿ ಮುಖ್ಯ ಅಂತ ನನಗೆ ಅನ್ನಿಸುತ್ತದೆ: ಇವರು ಎರಡನೇ ಸಲ, ಐದನೇ ಸಲ, ಮುಂದಿನ ವರ್ಷವೂ ಹೋಗಬಲ್ಲ ಜಾಗ ಯಾವುದು?

ಯಾಕೆ ಅಂದರೆ ಈ ಚಿಕಿತ್ಸೆ ಒಂದು ಭೇಟಿಗೆ ಮುಗಿಯುವುದಿಲ್ಲ. ಖಿನ್ನತೆಗೆ ಮಾತ್ರೆ ಶುರು ಮಾಡಿದರೆ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಹೊಟ್ಟೆ ತೊಳಸುವುದು, ತಲೆನೋವು, ಮಂಪರು ಮಾತ್ರ ಮೊದಲ ವಾರವೇ ಬಂದುಬಿಡಬಹುದು. ಕಷ್ಟ ಮೊದಲು, ಲಾಭ ಆಮೇಲೆ. ಇದನ್ನು ಯಾರಾದರೂ ಕೂರಿಸಿಕೊಂಡು ಹೇಳದಿದ್ದರೆ ಹತ್ತನೇ ದಿನಕ್ಕೆ ಮಾತ್ರೆ, ಚೀಟಿ ಎರಡೂ ಕಪಾಟು ಸೇರುತ್ತವೆ. ಇನ್ನು ಗುಣ ಕಂಡ ಮೇಲೂ ಸುಮಾರು ಆರು ತಿಂಗಳಾದರೂ ಮಾತ್ರೆ ಮುಂದುವರಿಸಬೇಕು. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ವಿಪರೀತ ಅನುಮಾನ ಪಡುವ ಕಾಯಿಲೆ), ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ) ಆದರೆ ವರ್ಷಗಳ ಮಾತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಮ್ಮ ನಿಮ್ಹಾನ್ಸೇ. ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡಾ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಇದ್ದಾರೆ ಅಂತ ಅದರಲ್ಲಿ ಗೊತ್ತಾಯಿತು. ಬಾಗಿಲವರೆಗೆ ಬಂದವರನ್ನೂ ನಾವು ಅರ್ಧದಲ್ಲಿ ಕಳೆದುಕೊಂಡರೆ ಹೇಗೆ?

ನಮ್ಮ ಮನೆಯಲ್ಲೂ ಒಬ್ಬರು ವರ್ಷಗಳಿಂದ ಚಿಕಿತ್ಸೆಯಲ್ಲಿದ್ದಾರೆ. ಆಮೇಲೆ ಗೊತ್ತಿರುವ ಎಷ್ಟೋ ಮನೆಯವರ ಜೊತೆ ನಾನೂ ಆಸ್ಪತ್ರೆಗೆ ಹೋಗಿದ್ದೇನೆ. ಅಲ್ಲಿ ಕಂಡದ್ದನ್ನೂ ತಿಳಿದುಕೊಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಯಾವ ಮಾತ್ರೆ, ಎಷ್ಟು ಅನ್ನುವುದು ಡಾಕ್ಟರ ಕೆಲಸ. ಎಲ್ಲಿ, ಹೇಗೆ, ಯಾರ ಜೊತೆ ಅನ್ನುವುದರಲ್ಲಿ ಮನೆಯವರ ಪಾಲು ದೊಡ್ಡದು.

ಒಂದು ಮಾತು ಮೊದಲೇ. ಸಾಯುವ ಮಾತು ಬರುತ್ತಿದ್ದರೆ, ಅಥವಾ ಯಾರಿಗಾದರೂ ಏಟಾಗುವ ಸ್ಥಿತಿ ಇದ್ದರೆ, ಹೋಲಿಕೆ ಮಾಡುತ್ತ ಕೂರಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಅವತ್ತೇ ಹೋಗಿ, ಬೇಕಾದರೆ 108ಕ್ಕೆ ಫೋನ್ ಮಾಡಿ. ಬೆಂಗಳೂರಿನವರಾದರೆ ನಿಮ್ಹಾನ್ಸ್ ಎಮರ್ಜೆನ್ಸಿ 24 ಗಂಟೆಯೂ ತೆರೆದಿರುತ್ತದೆ. ಅವರನ್ನು ಒಬ್ಬರನ್ನೇ ಬಿಡಬೇಡಿ. ಹೊಲದ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿ ಡಬ್ಬಿಗಳನ್ನು ಬೇರೆ ಕಡೆ ಬೀಗ ಹಾಕಿಡಿ, ಮಾತ್ರೆಗಳ ಸ್ಟ್ರಿಪ್ ನಿಮ್ಮ ಹತ್ತಿರವೇ ಇರಲಿ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮುಚ್ಚಿಡುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು. ಅವರಿಗೆ ಬೇಕಾದ್ದು ಆರೈಕೆ, ಶಿಕ್ಷೆ ಅಲ್ಲ.

ಮನೋವೈದ್ಯರೋ, ಸೈಕಾಲಜಿಸ್ಟೋ, ಕೌನ್ಸೆಲರೋ

ಈ ಮೂವರೂ ಬೇರೆ ಬೇರೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಮಾತ್ರೆ ಬರೆಯುವವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮತ್ತು ಪರೀಕ್ಷೆಗಳನ್ನು ಮಾಡುತ್ತಾರೆ. ಇವರು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಸರಿಯಾದವರು ಬೇಜಾರು ಮಾಡಿಕೊಳ್ಳದೆ ಕೊಡುತ್ತಾರೆ. ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ವರ್ಷಗಟ್ಟಲೆ ಓದಿ, ಹಿರಿಯರ ಕೈಕೆಳಗೆ ಪಳಗಿ ಬಂದವರೂ ಇದೇ ಬೋರ್ಡ್ ಹಾಕುತ್ತಾರೆ, ನಾಲ್ಕು ವಾರದ ಆನ್‌ಲೈನ್ ಕೋರ್ಸ್ ಮುಗಿಸಿದವರೂ ಇದೇ ಬೋರ್ಡ್ ಹಾಕುತ್ತಾರೆ.

ಆಯ್ಕೆ ಹೇಗೆ? ಕೆಲಸದ ಒತ್ತಡ, ಗಂಡ-ಹೆಂಡತಿ ಜಗಳ, ಪರೀಕ್ಷೆ ಭಯ, ಸಾವಿನ ದುಃಖ, ಇಂಥವುಗಳಿಗೆ ಮೊದಲು ಕೌನ್ಸೆಲರ್ ಅಥವಾ ಸೈಕಾಲಜಿಸ್ಟ್ ಹತ್ತಿರ ಹೋಗಬಹುದು. ಯಾರೋ ಮಾತಾಡುವುದು ಕೇಳಿಸುತ್ತದೆ, ಎಲ್ಲರ ಮೇಲೂ ಅನುಮಾನ, ದಿನಗಟ್ಟಲೆ ನಿದ್ದೆಯಿಲ್ಲದೆ ವಿಪರೀತ ಉತ್ಸಾಹ, ಕೈಮೀರಿ ಹೋದ ಖಿನ್ನತೆ, ಹೆರಿಗೆ ಆದ ಹೊಸದರಲ್ಲಿ ತಾಯಿಯ ನಡವಳಿಕೆ ಪೂರ್ತಿ ಬದಲಾಗುವುದು, ಇವುಗಳಲ್ಲಿ ಸುಮ್ನೆ ಕಾಲ ಕಳೆಯಬೇಡಿ, ನೇರ ಮನೋವೈದ್ಯರ ಹತ್ತಿರ ಹೋಗಿ. ಗೀಳು ರೋಗಕ್ಕೆ ಎರಡೂ ಬೇಕಾಗಬಹುದು. ಪದೇ ಪದೇ ಕೈ ತೊಳೆಯುವುದು, ಬೀಗ ಮತ್ತೆ ಮತ್ತೆ ನೋಡುವುದಕ್ಕೆಲ್ಲ ಒಳ್ಳೆಯ ಮಾತಿನ ಚಿಕಿತ್ಸೆ ಇದೆ. ಆದರೆ ಅದನ್ನು ಕಲಿತವರೇ ಮಾಡಬೇಕು, ಬುದ್ಧಿಮಾತು ಹೇಳಿದರೆ ಆಗುವ ಕೆಲಸ ಅಲ್ಲ ಅದು.

ಮಾತಿನ ಚಿಕಿತ್ಸೆಗೆ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ಸೆಷನ್ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಒಂದು ಸೆಷನ್ ಸಾವಿರ ರೂಪಾಯಿ ದಾಟುವುದು ಮಾಮೂಲು. ಶುರು ಮಾಡುವ ಮೊದಲೇ ಲೆಕ್ಕ ಹಾಕಿ. ನಾಲ್ಕು ಸೆಷನ್‌ಗೆ ದುಡ್ಡು ಮುಗಿದು ನಿಂತುಹೋದರೆ, "ನಾನು ಅದನ್ನೂ ಮಾಡಿ ನೋಡಿದೆ, ಏನೂ ಆಗಲಿಲ್ಲ" ಅನ್ನುವ ನಿರಾಸೆ ಉಳಿಯುತ್ತದೆ. ಅದು ಮುಂದಿನ ಪ್ರಯತ್ನವನ್ನೂ ಹಾಳುಮಾಡುತ್ತದೆ.

ಮೊದಲ ಭೇಟಿ ಮುಗಿಸಿ ಹೊರಗೆ ಬಂದಾಗ ರೋಗಿಯನ್ನೇ ಮೂರು ವಿಷಯ ಕೇಳಿ. ನಿನ್ನ ಮಾತು ಪೂರ್ತಿ ಕೇಳಿದರಾ? ಚಿಕಿತ್ಸೆಯಿಂದ ಏನು ಸರಿ ಹೋಗಬೇಕು ಅಂತ ಇಬ್ಬರೂ ಸೇರಿ ಮಾತಾಡಿದಿರಾ? ಮುಂದೆ ಏನು ಮಾಡಬೇಕು ಅಂತ ನಿನಗೆ ಅರ್ಥ ಆಯಿತಾ? ಎಡ್ವರ್ಡ್ ಬಾರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1979ರಲ್ಲೇ ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ: ಇಬ್ಬರ ನಡುವಿನ ನಂಟು, ಒಪ್ಪಿಕೊಂಡ ಗುರಿ, ಒಪ್ಪಿಕೊಂಡ ಕೆಲಸ, ಈ ಮೂರೂ ಕೂಡಿದರೆ ಚಿಕಿತ್ಸೆ ಮುಂದೆ ಸಾಗುತ್ತದೆ. ಮೂರಕ್ಕೂ "ಇಲ್ಲ" ಅಂದರೆ ಡಾಕ್ಟರ್ ಎಷ್ಟೇ ಹೆಸರು ಮಾಡಿದವರಾದರೂ ಬೇರೆಯವರನ್ನು ಹುಡುಕಿ.

ನಿಮ್ಹಾನ್ಸೋ, ತಾಲ್ಲೂಕು ಆಸ್ಪತ್ರೆಯೋ, ಖಾಸಗಿ ಕ್ಲಿನಿಕ್ಕೋ

ಕರ್ನಾಟಕದಲ್ಲಿ ಮಾನಸಿಕ ಕಾಯಿಲೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ನಿಮ್ಹಾನ್ಸ್. ಅದಕ್ಕೆ ಕಾರಣವೂ ಇದೆ. ದೇಶದಲ್ಲೇ ದೊಡ್ಡ ಸಂಸ್ಥೆ, ಮನೋವೈದ್ಯರು, ಸೈಕಾಲಜಿಸ್ಟ್‌ಗಳು, ಸಮಾಜ ಕಾರ್ಯಕರ್ತರು, ನರರೋಗ ತಜ್ಞರು ಎಲ್ಲ ಒಂದೇ ಆವರಣದಲ್ಲಿ ಸಿಗುತ್ತಾರೆ. ಮೊದಲ ದಿನ ನಿಮ್ಮ ಕತೆಯನ್ನು ಶುರುವಿನಿಂದ ಕೇಳಿ ಬರೆದುಕೊಳ್ಳುತ್ತಾರೆ, ಆಮೇಲೆ ಹಿರಿಯ ವೈದ್ಯರು ನೋಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ರಿಯಾಯಿತಿ ಇದೆ. ರೋಗ ಯಾವುದು ಅಂತಲೇ ಸ್ಪಷ್ಟ ಇಲ್ಲ, ಎರಡು ಮೂರು ಕಡೆ ತೋರಿಸಿದರೂ ಹಿಡಿತಕ್ಕೆ ಬಂದಿಲ್ಲ, ಜೊತೆಗೆ ಫಿಟ್ಸ್ ಅಥವಾ ಬೇರೆ ನರದ ತೊಂದರೆ ಇದೆ ಅಂದರೆ ಯೋಚನೆ ಮಾಡದೆ ಅಲ್ಲಿಗೆ ಹೋಗಿ.

ಆದರೆ ರಾಯಚೂರಿನ ಹಳ್ಳಿಯವರು ಪ್ರತಿ ತಿಂಗಳು ಹೊಸೂರು ರಸ್ತೆಗೆ ಬರುವುದು ಅಂದರೆ ಏನು ಅಂತ ಯೋಚಿಸಿ. ರಾತ್ರಿ ಬಸ್ಸು, ಬೆಳಿಗ್ಗೆ ಚೀಟಿಗೆ ಸರದಿ, ಸಂಜೆವರೆಗೆ ಕಾಯುವುದು, ಮತ್ತೆ ರಾತ್ರಿ ಬಸ್ಸು. ಜೊತೆಗೆ ಬಂದವರ ಎರಡು ದಿನದ ಕೂಲಿ ಹೋಯಿತು. ಜನರ ಗದ್ದಲ ಕಂಡರೇ ಹೆದರುವ ರೋಗಿಗೆ ಆ ಪ್ರಯಾಣವೇ ಒಂದು ಹಿಂಸೆ. ಮೂರು ಸಲ ಬಂದು ನಾಲ್ಕನೇ ಸಲ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಅವರಿಗೆ ಕಾಳಜಿ ಇರಲಿಲ್ಲ ಅಂತ ಯಾರೂ ಹೇಳಲಾರರು, ಶಕ್ತಿ ಇರಲಿಲ್ಲ ಅಷ್ಟೇ.

ಈ ಕಷ್ಟವನ್ನು ನಿಮ್ಹಾನ್ಸಿನವರೇ ಬಹಳ ಹಿಂದೆ ಗುರುತಿಸಿದ್ದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಸಾಮಾನ್ಯ ಮಾನಸಿಕ ಕಾಯಿಲೆಗಳನ್ನು ಅಲ್ಲೇ ನೋಡಿಕೊಳ್ಳುವುದು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ನೆಲದಲ್ಲಿ ಹುಟ್ಟಿದ ಈ ವ್ಯವಸ್ಥೆ ನಮ್ಮವರಿಗೇ ಗೊತ್ತಿಲ್ಲ ಅನ್ನುವುದು ನನಗೆ ತುಂಬಾ ನೋವಿನ ವಿಷಯ. ಇವತ್ತು ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರ ಒಪಿಡಿ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಸೂಪರ್ ಟ್ಯೂಸ್‌ಡೇ ಕ್ಲಿನಿಕ್ ಅಂತಾರಲ್ಲ, ಅದೇ ಇದು. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಮೊದಲೇ ವಿಚಾರಿಸಿಕೊಳ್ಳಿ. ಮಾತ್ರೆ ಉಚಿತ. ಮಧ್ಯಾಹ್ನದೊಳಗೆ ಮನೆ ಸೇರಬಹುದು.

ಕೊರತೆ ಇಲ್ಲ ಅನ್ನುವುದಿಲ್ಲ. ಡಾಕ್ಟರಿಗೆ ಸಮಯ ಕಡಿಮೆ, ಕೆಲವು ಮಾತ್ರೆ ಸ್ಟಾಕ್ ಇರುವುದಿಲ್ಲ, ಡಾಕ್ಟರ್ ಬದಲಾಗುತ್ತಾರೆ. ಮಾತಿನ ಚಿಕಿತ್ಸೆ ಬೇಕೆಂದವರಿಗೆ ಇಲ್ಲಿ ಜಾಸ್ತಿ ಸಿಗುವುದಿಲ್ಲ. ಇನ್ನೊಂದು ತೊಡಕೂ ಇದೆ: ಊರಿನವರೇ ಸರದಿಯಲ್ಲಿ ಪಕ್ಕದಲ್ಲಿ ನಿಂತಿರುತ್ತಾರೆ. "ಯಾಕೆ ಬಂದಿದ್ದು?" ಅಂತ ಕೇಳುತ್ತಾರೆ. ಮದುವೆ ವಯಸ್ಸಿನ ಮಗಳನ್ನು ಕರೆದುಕೊಂಡು ಹೋದ ತಾಯಿಗೆ ಆ ಒಂದು ಪ್ರಶ್ನೆಯೇ ಸಾಕು, ಮುಂದಿನ ತಿಂಗಳು ಹೋಗದೇ ಇರಲು. ಅಂಥವರಿಗೆ ಪಕ್ಕದ ತಾಲ್ಲೂಕಿನ ಆಸ್ಪತ್ರೆ ಆಗಬಹುದು. ಎಷ್ಟೋ ಮನೆಯವರು ಹಾಗೆ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ನನಗೆ ಸರಿ ಅನ್ನಿಸುವ ದಾರಿ ಇದು. ರೋಗ ಪತ್ತೆಗೆ ಒಮ್ಮೆ ದೊಡ್ಡ ಸಂಸ್ಥೆಗೆ ಹೋಗಿ. ಬೆಂಗಳೂರು ದೂರ ಆದ ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಉಳಿದವರಿಗೆ ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗ ಇದೆ. ಅಲ್ಲಿ ಚಿಕಿತ್ಸೆ ಒಂದು ಹದಕ್ಕೆ ಬಂದ ಮೇಲೆ "ನಮ್ಮ ತಾಲ್ಲೂಕಿನಲ್ಲೇ ಮುಂದುವರಿಸುತ್ತೇವೆ, ಪತ್ರ ಬರೆದುಕೊಡಿ" ಅಂತ ಕೇಳಿ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ದೊಡ್ಡ ಕಡೆ ತೋರಿಸಿ. ಒಂದು ಎಚ್ಚರ: ಬೈಪೋಲಾರ್‌ಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್, ಕಿಡ್ನಿ ಪರೀಕ್ಷೆ ಆಗಾಗ ಆಗಬೇಕು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಆದರೆ ಶುರುವಿನ ತಿಂಗಳುಗಳಲ್ಲಿ ಬಿಳಿ ರಕ್ತಕಣದ ಎಣಿಕೆ ವಾರವಾರ ಬೇಕು. ಈ ಪರೀಕ್ಷೆಗಳಿಗೆ ಹತ್ತಿರದಲ್ಲಿ ಲ್ಯಾಬ್ ಇದೆಯಾ ಅಂತ ನೋಡಿಕೊಂಡೇ ಜಾಗ ಆರಿಸಿ.

ಖಾಸಗಿ ಕ್ಲಿನಿಕ್ಕಿನ ದೊಡ್ಡ ಲಾಭ ಅಂದರೆ ಪ್ರತಿ ಸಲ ಅದೇ ಮುಖ. ರೋಗಿ ತನ್ನ ಕತೆಯನ್ನು ಪ್ರತಿ ತಿಂಗಳು ಹೊಸಬರಿಗೆ ಮೊದಲಿನಿಂದ ಹೇಳಬೇಕಾಗಿಲ್ಲ. ಕೆಲವರಿಗೆ ಇದೊಂದೇ ಕಾರಣಕ್ಕೆ ಖಾಸಗಿಯೇ ಸರಿ. ಅಪಾಯಿಂಟ್‌ಮೆಂಟ್ ಇರುತ್ತದೆ, ಸಂಜೆ ಹೊತ್ತು ಹೋಗಬಹುದು, ಕೆಲಸಕ್ಕೆ ರಜೆ ಹಾಕಬೇಕಾಗಿಲ್ಲ. ಖರ್ಚು ಮಾತ್ರ ವರ್ಷದ ಲೆಕ್ಕದಲ್ಲಿ ನೋಡಿ, ಒಂದು ಭೇಟಿಯ ಲೆಕ್ಕದಲ್ಲಲ್ಲ. ಅದೇ ಔಷಧ ಜನೌಷಧಿ ಅಂಗಡಿಯಲ್ಲಿ ಸಿಗುತ್ತದಾ ಅಂತ ಡಾಕ್ಟರನ್ನೇ ಕೇಳಿ. ಇನ್ಶೂರೆನ್ಸ್ ಇದ್ದರೆ, ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ರಕ್ಷಣೆ ಕೊಡಬೇಕು ಅಂತ 2017ರ ಕಾಯ್ದೆ ಹೇಳುತ್ತದೆ. ಅಡ್ಮಿಟ್ ಆದರೆ ಅದು ಉಪಯೋಗಕ್ಕೆ ಬರುತ್ತದೆ, ಹೊರರೋಗಿ ಭೇಟಿಯ ಖರ್ಚು ಮಾತ್ರ ಹೆಚ್ಚಿನ ಪಾಲಿಸಿಗಳಲ್ಲಿ ಸಿಗುವುದಿಲ್ಲ. ಆದರೆ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರ್, ಚಿಕಿತ್ಸೆಗೆ ಬಂದ ನಮ್ಮ ಮನೆಯವರ ಕಡೆ ತಿರುಗಿಯೂ ನೋಡದೆ ನನ್ನ ಜೊತೆ ಮಾತ್ರ ಮಾತಾಡಿ ಚೀಟಿ ಬರೆದುಕೊಟ್ಟರು. ಹೊರಗೆ ಬಂದು ಅವರು ಹೇಳಿದ್ದು, "ನಾನು ಇನ್ನು ಬರಲ್ಲ, ನೀನೇ ಬಾ." ಅವರ ಮಾತು ನ್ಯಾಯವಾಗಿಯೇ ಇತ್ತು.

ಫೋನ್, ವಿಡಿಯೊ, ಎದುರುಬದುರು

ಆಸ್ಪತ್ರೆ ಮೆಟ್ಟಿಲು ಹತ್ತಲು ಸಿದ್ಧರಿಲ್ಲದವರಿಗೆ ಫೋನೇ ಮೊದಲ ಬಾಗಿಲು. ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾಯಿತು. ನಂಬರ್ 14416. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ಜೋಡಿಸುತ್ತಾರೆ, ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕು ಅಂತಲೂ ಹೇಳುತ್ತಾರೆ. ರೋಗಿಯೇ ಫೋನ್ ಮಾಡಬೇಕು ಅಂತೇನಿಲ್ಲ. "ನಮ್ಮ ಅಣ್ಣ ಬರಲು ಒಪ್ಪುತ್ತಿಲ್ಲ, ಹೇಗೆ ಮಾತಾಡಿಸಲಿ?" ಅಂತ ಮನೆಯವರೂ ಕೇಳಬಹುದು. ತುಂಬಾ ಜನ ಇದನ್ನು ಬಳಸುವುದೇ ಇಲ್ಲ.

ವಿಡಿಯೊ ಭೇಟಿ ಚೆನ್ನಾಗಿ ಒಗ್ಗುವುದು ಎರಡನೇ ಭೇಟಿಯಿಂದ ಮುಂದಕ್ಕೆ. ಒಮ್ಮೆ ಎದುರು ಕೂತು ಪರಿಚಯ ಆಗಿದ್ದರೆ ನಡುವಿನ ಭೇಟಿಗಳನ್ನು ವಿಡಿಯೊದಲ್ಲಿ ಮುಗಿಸಬಹುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಇದಕ್ಕೆ ಅವಕಾಶ ಇದೆ. ಆದರೆ ಕೆಲವು ಮಾತ್ರೆಗಳನ್ನು ಹಾಗೆ ಬರೆದುಕೊಡುವಂತಿಲ್ಲ, ಅದಕ್ಕೆ ಹೋಗಲೇಬೇಕು. ಹೊರದೇಶದಲ್ಲಿರುವ ಮಕ್ಕಳು ಮೈಸೂರಲ್ಲೋ ಶಿವಮೊಗ್ಗದಲ್ಲೋ ಇರುವ ಅಪ್ಪ ಅಮ್ಮನಿಗೆ ಆ್ಯಪ್‌ನಲ್ಲಿ ಡಾಕ್ಟರನ್ನು ಬುಕ್ ಮಾಡುವುದು ಈಗ ಜಾಸ್ತಿ ಆಗಿದೆ. ಅವರಿಗೆ ನನ್ನದೊಂದು ಬೇಡಿಕೆ. ಕನ್ನಡ ಮಾತಾಡುವವರನ್ನೇ ಹುಡುಕಿ. "ಎದೆಯೊಳಗೆ ಭಾರ", "ಯಾವುದಕ್ಕೂ ಮನಸ್ಸೇ ಬರ್ತಿಲ್ಲ" ಅಂತ ಎಪ್ಪತ್ತು ವರ್ಷದ ಅಮ್ಮ ಹೇಳುವುದನ್ನು ನೀವು ಇಂಗ್ಲಿಷಿಗೆ ತಿರುಗಿಸಿ ಡಾಕ್ಟರಿಗೆ ಹೇಳುತ್ತ ಕೂತರೆ, ಅಮ್ಮ ನಿಮ್ಮೆದುರು ಹೇಳಲಾಗದ್ದು ಯಾವುದೂ ಹೊರಗೆ ಬರುವುದಿಲ್ಲ. ಇನ್ನೊಂದು, ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ ಇಲ್ಲದಿದ್ದರೆ ವಿಡಿಯೊ ಬೇಡ. ಅತ್ತೆ ಪಕ್ಕದಲ್ಲೇ ಕೂತಿದ್ದಾಗ ಸೊಸೆ ಏನು ಹೇಳಿಯಾಳು?

ಬರೀ ಆ್ಯಪ್‌ನಲ್ಲಿ ಯಂತ್ರದ ಜೊತೆ ಚಾಟ್ ಮಾಡುವುದನ್ನು ಚಿಕಿತ್ಸೆ ಅಂತ ಎಣಿಸಬೇಡಿ. ಅದಕ್ಕಿಂತ ಜಾಸ್ತಿ ಅದರ ಬಗ್ಗೆ ಹೇಳುವಂಥದ್ದಿಲ್ಲ.

"ನನಗೇನೂ ಆಗಿಲ್ಲ" ಅನ್ನುವವರನ್ನು ಒಪ್ಪಿಸುವುದು

ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಇಲ್ಲಿ ಮನೆಯವರ ಮುಂದೆ ಸಾಮಾನ್ಯವಾಗಿ ಇರುವ ದಾರಿಗಳು: ವಾದ ಮಾಡುವುದು, ಸುಳ್ಳು ಹೇಳಿ ಕರೆದುಕೊಂಡು ಹೋಗುವುದು, ಗೊತ್ತಿಲ್ಲದ ಹಾಗೆ ಮಾತ್ರೆ ಕೊಡುವುದು, ಮತ್ತೆ ಮತ್ತೆ ಮಾತಾಡಿ ಒಪ್ಪಿಸುವುದು.

ವಾದದಿಂದ ಏನೂ ಆಗುವುದಿಲ್ಲ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ತನಗೆ ಕಾಯಿಲೆ ಇದೆ ಅನ್ನುವ ಅರಿವು ಇಲ್ಲದೇ ಇರುವುದೂ ಕಾಯಿಲೆಯದೇ ಭಾಗ. ಹಠ ಅಂತ ನಮಗೆ ಕಾಣುತ್ತದೆ. ಅವರಿಗೆ ಆ ದನಿ ನಿಜವಾಗಿಯೂ ಕೇಳಿಸುತ್ತಿದೆ. ಝೇವಿಯರ್ ಅಮಡೋರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರ ಅಣ್ಣನಿಗೇ ಈ ಕಾಯಿಲೆ ಇತ್ತು. ಅಣ್ಣನ ಜೊತೆ ವಾದ ಮಾಡಿ ಸೋತು, ಅವರು ಮನೆಯವರಿಗೆ ಹೇಳಿಕೊಟ್ಟ ಕ್ರಮ ಹೀಗಿದೆ. ಮೊದಲು ಕೇಳಿಸಿಕೊಳ್ಳಿ. ಅವರ ಭಯವನ್ನು ಅರ್ಥ ಮಾಡಿಕೊಂಡಿದ್ದೀರಿ ಅಂತ ತೋರಿಸಿ. ಇಬ್ಬರೂ ಒಪ್ಪುವ ಒಂದು ವಿಷಯ ಹುಡುಕಿ. ಅದರ ಮೇಲೆ ಜೊತೆಯಾಗಿ ಕೆಲಸ ಮಾಡಿ. "ನಿನಗೆ ಹುಚ್ಚು ಹಿಡಿದಿದೆ, ನಡೆ" ಅನ್ನುವ ಕಡೆ "ನಾಲ್ಕು ದಿನದಿಂದ ನಿದ್ದೆ ಇಲ್ಲ ಅಂತೀಯ, ನೋಡಿದರೆ ನನಗೂ ಸಂಕಟ ಆಗುತ್ತೆ, ನಿದ್ದೆಗೆ ಒಂದು ಸಲ ತೋರಿಸಿ ಬರೋಣವಾ?" ಅಂತ ಕೇಳಿ ನೋಡಿ. ನಿದ್ದೆ ಇಲ್ಲದಿರುವುದು ಇಬ್ಬರಿಗೂ ಗೊತ್ತಿರುವ ಸತ್ಯ. ಅಲ್ಲಿಂದ ಮಾತು ಮುಂದಕ್ಕೆ ಹೋಗುತ್ತದೆ.

ಕುಡಿತದ ವಿಷಯದಲ್ಲೂ ಹೀಗೇ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಬೆಳೆಸಿದ ಮಾತುಕತೆಯ ಪದ್ಧತಿಯಲ್ಲಿ ಉಪದೇಶ ಇಲ್ಲ. ಬಿಡಬೇಕು ಅನ್ನುವ ಮಾತು ಕುಡಿಯುವವರ ಬಾಯಿಂದಲೇ ಬರುವ ಹಾಗೆ ಪ್ರಶ್ನೆ ಕೇಳುತ್ತಾರೆ. ಡಿ-ಅಡಿಕ್ಷನ್ ಕೇಂದ್ರ ಆರಿಸುವಾಗ ಅಲ್ಲಿ ಇಂಥ ಮಾತುಕತೆ ನಡೆಯುತ್ತದಾ, ಬರೀ ಕೂಡಿಹಾಕುತ್ತಾರಾ ಅಂತ ವಿಚಾರಿಸಿ. ಹೊಡೆಯುವ, ಕಟ್ಟಿಹಾಕುವ, ಮನೆಯವರನ್ನು ನೋಡಲು ಬಿಡದ ಜಾಗಕ್ಕೆ ಯಾರನ್ನೂ ಕಳಿಸಬೇಡಿ. ಸರಪಳಿ ಹಾಕುವುದು ಕಾನೂನಿನಲ್ಲೇ ನಿಷಿದ್ಧ.

ಸುಳ್ಳು ಹೇಳಿ ಕರೆದುಕೊಂಡು ಹೋಗುವುದು ಒಂದು ಸಲ ಮಾತ್ರ ನಡೆಯುತ್ತದೆ. "ಕಣ್ಣಿನ ಡಾಕ್ಟರ್" ಅಂತ ಹೇಳಿ ಮನೋವೈದ್ಯರ ಮುಂದೆ ಕೂರಿಸಿದರೆ ಮುಂದಿನ ಸಲ ನಿಜವಾಗಿ ಕಣ್ಣು ತೋರಿಸಲೂ ಅವರು ಬರುವುದಿಲ್ಲ.

ಊಟದಲ್ಲಿ ಮಾತ್ರೆ ಬೆರೆಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಸಾರಿನಲ್ಲಿ, ಕಾಫಿಯಲ್ಲಿ, ಮುದ್ದೆಯಲ್ಲಿ. ಮಾಡುವವರು ಕೆಟ್ಟವರಲ್ಲ, ಬೇರೆ ದಾರಿ ಕಾಣದೆ ಮಾಡುತ್ತಾರೆ. ಆದರೂ ನಾನು ಇದರ ವಿರುದ್ಧ ಇದ್ದೇನೆ, ಬಲವಾಗಿಯೇ. ಅವರು ಅರ್ಧ ಊಟ ಬಿಟ್ಟರೆ ಎಷ್ಟು ಔಷಧ ಹೋಯಿತು ಅಂತ ಗೊತ್ತಾಗುವುದಿಲ್ಲ. ಕೈಕಾಲು ನಡುಗಿದರೆ, ನಾಲಿಗೆ ಎಳೆದರೆ, ಇದು ಔಷಧದಿಂದ ಅಂತ ಅವರು ಡಾಕ್ಟರಿಗೆ ಹೇಳುವ ಹಾಗಿಲ್ಲ. "ಅನ್ನದಲ್ಲಿ ಏನೋ ಹಾಕುತ್ತಿದ್ದಾರೆ" ಅಂತ ಅನುಮಾನ ಪಡುವ ಕಾಯಿಲೆ ಇರುವವರಿಗೆ ನಾವು ನಿಜವಾಗಿಯೂ ಅನ್ನದಲ್ಲಿ ಹಾಕುತ್ತಿದ್ದೇವೆ. ಗೊತ್ತಾದ ದಿನ ಊಟವನ್ನೂ ನಂಬುವುದಿಲ್ಲ, ನಮ್ಮನ್ನೂ ನಂಬುವುದಿಲ್ಲ. ಇನ್ನು ಕುಡಿತ ಬಿಡಿಸಲು "ಗೊತ್ತಿಲ್ಲದ ಹಾಗೆ ಊಟದಲ್ಲಿ ಬೆರೆಸಿ" ಅಂತ ಜಾಹೀರಾತು ಹಾಕುವ ಪುಡಿ, ಮಾತ್ರೆಗಳು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಎಂಬ ಔಷಧ ಹೊಟ್ಟೆಯಲ್ಲಿ ಇರುವಾಗ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಆ ಔಷಧವನ್ನು ರೋಗಿ ತಿಳಿದು ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು. ಪುಡಿಯಲ್ಲಿ ಏನಿದೆ ಅಂತ ಮಾರುವವರು ಹೇಳುವುದಿಲ್ಲ. ದಯವಿಟ್ಟು ಕೊಳ್ಳಬೇಡಿ.

ಇದಕ್ಕೆ ಬದಲು ಏನು? ದಿನಾ ಮಾತ್ರೆ ನುಂಗುವುದೇ ಜಗಳ ಆಗಿದ್ದರೆ ಇಂಜೆಕ್ಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಸ್ಕಿಜೋಫ್ರೇನಿಯಾಕ್ಕೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ಫ್ಲೂಫೆನಜಿನ್, ಹ್ಯಾಲೊಪೆರಿಡಾಲ್‌ನಂಥ ಹಳೆಯವು ಅಗ್ಗ, ಹೊಸವು ದುಬಾರಿ. ಹಳೆಯವುಗಳಲ್ಲಿ ಕೈಕಾಲು ಬಿಗಿಯುವುದು, ನಡುಕ ಜಾಸ್ತಿ ಕಾಣಬಹುದು. ಎಲ್ಲರಿಗೂ ಆಗುವುದಿಲ್ಲ. ಆದರೆ ತಿಂಗಳಿಗೆ ಒಂದು ದಿನ ಮಾತ್ರ ಔಷಧದ ಮಾತು, ಉಳಿದ ದಿನ ಮನೆಯಲ್ಲಿ ಅದರ ಹೆಸರೇ ಇಲ್ಲ ಅನ್ನುವ ನೆಮ್ಮದಿ ಸಣ್ಣದಲ್ಲ. ತೂಕ ಏರುವುದು, ಮಂಪರು, ಲೈಂಗಿಕ ತೊಂದರೆ, ಇವುಗಳಿಂದ ಮಾತ್ರೆ ಬಿಡುವವರೂ ಬಹಳ. ಕೊನೆಯದನ್ನು ಗಂಡಸರು ಯಾರಿಗೂ ಹೇಳದೆ ಸುಮ್ನೆ ನಿಲ್ಲಿಸಿಬಿಡುತ್ತಾರೆ. ಮಾತ್ರೆ ಬದಲಿಸಿದರೆ ಸರಿಹೋಗುವ ತೊಂದರೆಗಳು ಇವು. ಡಾಕ್ಟರ ಹತ್ತಿರ ಐದು ನಿಮಿಷ ಅವರನ್ನು ಒಬ್ಬರನ್ನೇ ಬಿಟ್ಟು ನೀವು ಹೊರಗೆ ಕೂತರೆ ಈ ಮಾತು ಹೊರಗೆ ಬರುತ್ತದೆ. ಆಮೇಲೆ ಐದು ನಿಮಿಷ ನೀವೂ ಒಳಗೆ ಹೋಗಿ ಮನೆಯಲ್ಲಿ ಕಂಡದ್ದನ್ನು ಅವರ ಎದುರೇ ಹೇಳಿ, ಬೆನ್ನ ಹಿಂದೆ ಬೇಡ.

ದೇವಸ್ಥಾನವೋ ಆಸ್ಪತ್ರೆಯೋ

ಈ ಪ್ರಶ್ನೆಯನ್ನೇ ಹಾಕಬೇಡಿ ಅಂತೀನಿ. ಗಾಣಗಾಪುರಕ್ಕೆ ಹೋಗಬೇಕು ಅಂತ ಅಜ್ಜಿಗೆ ಇದ್ದರೆ ಹೋಗಿ ಬನ್ನಿ. ತಾಯತ ಕಟ್ಟಿಸಬೇಕು ಅಂದರೆ ಕಟ್ಟಿಸಿ. ಜಗಳ ಮಾಡಿ ನಂಬಿಕೆ ಬಿಡಿಸಲು ಹೋದರೆ ಮನೆಯ ಅರ್ಧ ಜನ ಆಸ್ಪತ್ರೆಯ ವಿರುದ್ಧ ನಿಲ್ಲುತ್ತಾರೆ. ಷರತ್ತು ಎರಡೇ: ಮಾತ್ರೆ ನಿಲ್ಲಬಾರದು, ಹೊಡೆತ ಬಡಿತ ಉಪವಾಸ ಕಟ್ಟಿಹಾಕುವುದು ಇರಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ ಮಾನಸಿಕ ರೋಗಿಗಳನ್ನು ಇಡುತ್ತಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. 28 ಜನ. ಅವರನ್ನು ಅಲ್ಲಿ ಬಿಟ್ಟುಬಂದದ್ದೂ ಗುಣವಾಗಲಿ ಅಂತಲೇ ಅಲ್ವಾ?

ಅಡ್ಮಿಟ್ ಮಾಡುವುದೋ ಮನೆಯಲ್ಲೇ ನೋಡಿಕೊಳ್ಳುವುದೋ

ಹೆಚ್ಚಿನವರಿಗೆ ಅಡ್ಮಿಷನ್ ಬೇಕಾಗುವುದಿಲ್ಲ. ಬೇಕಾದಾಗ ರೋಗಿಯೇ ಸಹಿ ಹಾಕಿ ಸೇರಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ನಿರ್ಧಾರ ಮಾಡುವ ಸ್ಥಿತಿಯಲ್ಲಿ ಅವರು ಇಲ್ಲದಿದ್ದರೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಮೇಲೆ 30 ದಿನದವರೆಗೆ ಸೇರಿಸಿಕೊಳ್ಳಬಹುದು. ಆ ಪ್ರತಿನಿಧಿ ಯಾರಾಗಬೇಕು, ಮುಂದೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಚೆನ್ನಾಗಿರುವಾಗಲೇ ಬರೆದಿಡುವ ಹಕ್ಕು ಅವರಿಗಿದೆ. ಹುಷಾರಾಗಿರುವ ಒಂದು ದಿನ ಕೂತು ಇದನ್ನು ಮಾತಾಡಿ. ತನ್ನ ಮಾತಿಗೆ ಬೆಲೆ ಇದೆ ಅಂತ ಗೊತ್ತಾದರೆ ಅವರಿಗೆ ಆಸ್ಪತ್ರೆಯ ಮೇಲಿನ ಭಯವೂ ಕಡಿಮೆಯಾಗುತ್ತದೆ. ಆಸ್ಪತ್ರೆ ಆರಿಸುವಾಗ ಮನೆಯವರು ಜೊತೆಗೆ ಇರಬಹುದಾ ಅಂತ ಕೇಳಿ. ನಿಮ್ಹಾನ್ಸ್‌ನಲ್ಲಿ ಹಾಗೆ ಜೊತೆಗಿರುವ ಪದ್ಧತಿ ಎಷ್ಟೋ ವರ್ಷದಿಂದ ಇದೆ. ಡಿಸ್ಚಾರ್ಜ್ ಆದ ಮೇಲಿನ ಮೊದಲ ಕೆಲವು ವಾರ ಬಹಳ ಸೂಕ್ಷ್ಮ. ಮುಂದಿನ ಭೇಟಿಯ ದಿನಾಂಕ ಬರೆಸಿಕೊಳ್ಳದೆ ಹೊರಡಬೇಡಿ.

ನಡುವೆ ನಿಂತುಹೋದರೆ

ನಿಲ್ಲುತ್ತದೆ. ಎಷ್ಟೇ ಎಚ್ಚರ ವಹಿಸಿದರೂ ಹೆಚ್ಚಿನ ಮನೆಗಳಲ್ಲಿ ಒಮ್ಮೆಯಾದರೂ ನಿಲ್ಲುತ್ತದೆ. ಹಬ್ಬ, ಸುಗ್ಗಿ, ಮದುವೆ, ದುಡ್ಡಿನ ತಾಪತ್ರಯ, ಅಥವಾ "ಈಗ ಚೆನ್ನಾಗಿದ್ದೀನಲ್ಲ" ಅನ್ನುವ ಭಾವನೆ. ಆಗ ಯಾವ ಜಾಗ ಒಳ್ಳೆಯದು ಅಂತ ನಿಜವಾಗಿ ಗೊತ್ತಾಗುತ್ತದೆ. ಎರಡು ತಿಂಗಳು ತಪ್ಪಿಸಿಕೊಂಡು ಹೋದಾಗ ಬೈಯುವ ಜಾಗಕ್ಕೆ ಜನ ಮತ್ತೆ ಹೋಗುವುದಿಲ್ಲ. "ಬಂದಿರಲ್ಲ, ಒಳ್ಳೆದಾಯ್ತು" ಅನ್ನುವ ಜಾಗಕ್ಕೆ ಹೋಗುತ್ತಾರೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಂಡ ಮಾಡಿದ್ದು ಈ ಕೆಲಸವನ್ನೇ. ಊರೂರಿನಲ್ಲಿ ಚಿಕಿತ್ಸೆಯೇ ಇಲ್ಲದೆ ಇದ್ದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ, ಚಿಕಿತ್ಸೆಗೆ ತಂದು, ವರ್ಷಗಟ್ಟಲೆ ಅವರ ನಂಟು ಬಿಡದೆ ನೋಡಿಕೊಂಡರು. ಹಾಗಾಗಿ ಕ್ಲಿನಿಕ್ ಆರಿಸುವಾಗ ಇದನ್ನೂ ಕೇಳಿ: "ನಾವು ಒಂದು ಸಲ ತಪ್ಪಿಸಿದರೆ ನಿಮ್ಮ ಕಡೆಯಿಂದ ಫೋನ್ ಬರುತ್ತದಾ?"

ಡಾಕ್ಟರನ್ನೇ ಬದಲಿಸಬೇಕು ಅನ್ನಿಸಿದರೆ ಚಿಕಿತ್ಸೆ ಬಿಡಬೇಡಿ, ಡಾಕ್ಟರನ್ನು ಬದಲಿಸಿ. ಹೊಸ ಕಡೆ ಹೋಗುವ ಮೊದಲು ಹಳೆಯ ಚೀಟಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ದಿನ ತೆಗೆದುಕೊಂಡರು, ಏನು ತೊಂದರೆ ಆಯಿತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ತನ್ನ ವೈದ್ಯಕೀಯ ದಾಖಲೆ ಕೇಳಿ ಪಡೆಯುವ ಹಕ್ಕು ರೋಗಿಗೆ ಅದೇ ಕಾಯ್ದೆಯಲ್ಲಿ ಇದೆ, ಆಸ್ಪತ್ರೆಯವರು ಹಿಂದೆಮುಂದೆ ನೋಡಿದರೆ ಲಿಖಿತವಾಗಿ ಕೇಳಿ. ಹೊಸ ಡಾಕ್ಟರ್ ನೋಡುವವರೆಗೆ ಹಳೆಯ ಮಾತ್ರೆ ನಡೆಯುತ್ತಿರಲಿ, ಅದು ಮುಗಿಯಲು ಒಂದು ವಾರ ಇರುವಾಗಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.